ಬಾಗಿಲು ಕೂಡದಿದ್ದರೆ ತಪ್ಪು ಬಾಗಿಲಲ್ಲಿಲ್ಲ: ಬಿಡಿಭಾಗಗಳಾಗಿ ಬರುವ ಕಪಾಟನ್ನು ಜೋಡಿಸುವ ಬಗೆ

ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬರುವ ಕಪಾಟನ್ನು ಜೋಡಿಸುವಾಗ ತೊಂದರೆ ಕಣ್ಣಿಗೆ ಬೀಳುವುದು ಕೊನೆಯ ಅರ್ಧ ಗಂಟೆಯಲ್ಲಿ. ಎರಡು ಬಾಗಿಲುಗಳ ಮೇಲಂಚು ಒಂದೇ ಸಾಲಿಗೆ ಬರುವುದಿಲ್ಲ, ಡ್ರಾಯರ್ ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ, ಹಿಂಬದಿಯ ತೆಳು ಹಲಗೆ ಒಂದು ಮೂಲೆಯಲ್ಲಿ ಸಾಲದೆ ಬರುತ್ತದೆ. ಆಗ ಬಾಗಿಲಿನ ಸ್ಕ್ರೂಗಳನ್ನು ಹಿಡಿದು ಕೂರುತ್ತೇವೆ. ಆದರೆ ತಪ್ಪು ಆಗಿರುವುದು ಎಷ್ಟೋ ಹಂತ ಹಿಂದೆ: ಅರ್ಧಕ್ಕೇ ನಿಂತ ಒಂದು ಬೋಲ್ಟು, ತಲೆಕೆಳಗಾಗಿ ಕೂತ ಒಂದು ಹಲಗೆ, ಅಳತೆ ನೋಡದೆ ಹೊಡೆದ ಹಿಂಬದಿಯ ಮೊಳೆ. ಆ ಜಾಗಗಳಲ್ಲಿ ಹತ್ತು ನಿಮಿಷ ಹೆಚ್ಚು ನಿಂತರೆ ಕೊನೆಯ ಅರ್ಧ ಗಂಟೆ ಸಲೀಸು.

ಕೊಳ್ಳುವ ಮುನ್ನ ಅಳೆಯಬೇಕಾದ್ದು

ಕಪಾಟಿನ ಎತ್ತರ ಚಾವಣಿಗಿಂತ ಕಡಿಮೆ ಇದ್ದರಷ್ಟೇ ಸಾಲದು. ಹೆಚ್ಚಿನ ಕಪಾಟುಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಮೇಲೆ ಎತ್ತಿ ನಿಲ್ಲಿಸಬೇಕು. ಎತ್ತುವಾಗ ಚಾವಣಿಗೆ ತಗಲುವುದು ಎತ್ತರವಲ್ಲ, ಪಕ್ಕದ ಹಲಗೆಯ ಕರ್ಣ. 240 ಸೆಂ.ಮೀ. ಎತ್ತರ, 60 ಸೆಂ.ಮೀ. ಆಳದ ಕಪಾಟಿಗೆ ಆ ಕರ್ಣ ಸುಮಾರು 247.4 ಸೆಂ.ಮೀ. ಚಾವಣಿ 245 ಇದ್ದರೆ ಕಪಾಟು ನಿಲ್ಲಬಲ್ಲದು, ಎದ್ದು ನಿಲ್ಲಲಾರದು. ಅಂಥ ಕೋಣೆಗೆ ನಿಂತಂತೆಯೇ ಜೋಡಿಸಬಹುದಾದ ಮಾದರಿ ಬೇಕು. ಕೈಪಿಡಿ ಜಾಲತಾಣದಲ್ಲಿ ಸಿಗುವುದಾದರೆ ಹಣ ಕೊಡುವ ಮೊದಲೇ ತೆರೆದು ನೋಡಿ.

ಇನ್ನು ಹಲಗೆ. ಮರದ ಹೊಟ್ಟು, ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು ಪಾರ್ಟಿಕಲ್ ಬೋರ್ಡ್. ನಾರಿನಷ್ಟು ನುಣ್ಣಗೆ ಅರೆದು ಒತ್ತಿದ್ದು ಎಂಡಿಎಫ್. ಎರಡೂ ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೂ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಸ್ಕ್ರೂ ಹಿಡಿತದಲ್ಲಿ ಪ್ಲೈವುಡ್ಡಿಗೆ ಇವು ಸಾಟಿಯಲ್ಲ, ಅದರಲ್ಲೂ ಹಲಗೆಯ ಅಂಚಿನಲ್ಲಿ. ಪಾರ್ಟಿಕಲ್ ಬೋರ್ಡ್ ಕಳಪೆ ಎಂದು ಬದಿಗಿಡಬೇಕಿಲ್ಲ. ಪುಸ್ತಕದ ಅಡ್ಡಹಲಗೆಗೆ ಮಾತ್ರ ಉದ್ದ ಮತ್ತು ದಪ್ಪ ನೋಡಿಯೇ ಕೊಳ್ಳಿ. ಒಂದು ಮೀಟರ್ ಸಾಲು ಪುಸ್ತಕ 20–30 ಕಿಲೋ ತೂಗುತ್ತದೆ. ಹಲಗೆಯ ಬಿಗುವು (ಬಾಗದೆ ನಿಲ್ಲುವ ಶಕ್ತಿ) ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ 16 ಮಿ.ಮೀ. ಬದಲು 18 ಮಿ.ಮೀ. ತೆಗೆದುಕೊಂಡರೆ ಬಿಗುವು ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ಅದೇ ರೀತಿ ಉದ್ದ ಇಮ್ಮಡಿಯಾಗಿ ಅಷ್ಟೂ ಉದ್ದ ಪುಸ್ತಕ ತುಂಬಿದರೆ ಬಾಗು ಹದಿನಾರು ಪಟ್ಟು. 80 ಸೆಂ.ಮೀ. ದಾಟಿದ ಪುಸ್ತಕದ ಹಲಗೆಗೆ ನಡುವೆ ಒಂದು ಆಸರೆ ಇದೆಯೇ ನೋಡಿ.

ಪೆಟ್ಟಿಗೆ ಬಿಚ್ಚಿದ ಮೇಲೆ

ಪೆಟ್ಟಿಗೆಯ ರಟ್ಟನ್ನು ಎಸೆಯಬೇಡಿ, ನೆಲಕ್ಕೆ ಹಾಸಿ ಅದರ ಮೇಲೆಯೇ ಕೆಲಸ ಮಾಡಿ. ಹಲಗೆಯ ಮೂಲೆ ಗಟ್ಟಿ ನೆಲಕ್ಕೆ ಬಿದ್ದರೆ ಪುಡಿಯಾಗುತ್ತದೆ, ಆ ಮೂಲೆಯಲ್ಲೇ ಒಂದು ತೂತಿರುತ್ತದೆ. 200 × 60 ಸೆಂ.ಮೀ. ಅಳತೆಯ 18 ಮಿ.ಮೀ. ಹಲಗೆಯೊಂದೇ ಸುಮಾರು 14–15 ಕಿಲೋ ಇರುವುದರಿಂದ ದೊಡ್ಡ ಕಪಾಟಿಗೆ ಇಬ್ಬರು ಬೇಕೇ ಬೇಕು.

ಸ್ಕ್ರೂಗಳನ್ನು ಎಣಿಸುವಾಗ ಉದ್ದವನ್ನೂ ಅಳೆದು ಬೇರೆ ಬೇರೆ ಬಟ್ಟಲಿಗೆ ಹಾಕಿ. 16 ಮಿ.ಮೀ. ಮತ್ತು 20 ಮಿ.ಮೀ. ಉದ್ದದ ಸ್ಕ್ರೂಗಳು ಕಣ್ಣಿಗೆ ಒಂದೇ; ಆದರೆ 16 ಮಿ.ಮೀ. ಹಲಗೆಗೆ ಉದ್ದದ್ದು ಹೋದರೆ ತುದಿ ಆಚೆ ಬದಿಯ ಹೊಳಪನ್ನು ಸೀಳಿಕೊಂಡು ಹೊರಬರುತ್ತದೆ. ಏನಾದರೂ ಕಡಿಮೆ ಬಿದ್ದಿದ್ದರೆ ಆಗಲೇ ತಿಳಿಸಿ ತರಿಸಿಕೊಳ್ಳಿ, ಅರ್ಧ ಕಟ್ಟಿ ಕಾಯುವುದಕ್ಕಿಂತ ಅದು ವಾಸಿ.

ಹಲಗೆಗಳನ್ನು ಗೋಡೆಗೆ ಒರಗಿಸಿ, ಪ್ರತಿಯೊಂದರ ಯಾವ ಅಂಚಿಗೆ ಪಟ್ಟಿ ಅಂಟಿಸಿದೆ ಎಂದು ನೋಡಿಕೊಳ್ಳಿ. ಪಟ್ಟಿ ಇರುವ ಅಂಚು ಕಾಣುವ ಅಂಚು, ಅಂದರೆ ಮುಂದೆ ಬರಬೇಕಾದ್ದು. ಹಲಗೆ ತಿರುಗಿ ಕೂತುಬಿಟ್ಟರೆ ಮುಂಭಾಗದಲ್ಲಿ ಹೊಟ್ಟು ಕಾಣುತ್ತದೆ, ಹಿಂಬದಿಯ ಹಲಗೆ ಕೂರಬೇಕಾದ ಉದ್ದನೆಯ ತೋಡು ಮುಂದೆ ಬಂದಿರುತ್ತದೆ. ಬಲ–ಎಡ ಪಕ್ಕದ ಹಲಗೆಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ. ಎರಡನ್ನೂ ಅಕ್ಕಪಕ್ಕ ಮಲಗಿಸಿ ತೂತುಗಳನ್ನು ಹೋಲಿಸಿ, ಪೆನ್ಸಿಲಿನಲ್ಲಿ ‘ಎಡ’, ‘ಬಲ’, ‘ಮೇಲೆ’ ಎಂದು ಬರೆದಿಡಿ. ಡ್ರಾಯರ್ ಚಾನೆಲ್‌ಗಳ (ಡ್ರಾಯರ್ ಜಾರುವ ಲೋಹದ ಹಳಿಗಳ) ಮೇಲೂ ಗುರುತಿರುತ್ತದೆ: ಸಿಎಲ್, ಸಿಆರ್ ಎಂದಿದ್ದರೆ ಕಪಾಟಿನ ಎಡ, ಬಲ, ಡಿಎಲ್, ಡಿಆರ್ ಎಂದಿದ್ದರೆ ಡ್ರಾಯರಿನ ಎಡ, ಬಲ. ಡ್ರಾಯರ್ ಒಳಗೇ ಹೋಗುವುದಿಲ್ಲ ಎಂದಾದರೆ ಮೊದಲು ನೋಡಬೇಕಾದ್ದು ಈ ಅಕ್ಷರಗಳನ್ನು.

ಪ್ಲಸ್ ತಲೆಯ ಸ್ಕ್ರೂಗಳಲ್ಲಿ ಎರಡು ಜಾತಿ. ಪ್ಲಸ್ ಗುರುತಿನ ನಡುನಡುವೆ ನಾಲ್ಕು ಸಣ್ಣ ಗೀರುಗಳಿದ್ದರೆ ಅದು ಪೋಜಿಡ್ರೈವ್, ಗೀರಿಲ್ಲದ್ದು ಫಿಲಿಪ್ಸ್. ಇಂಥ ಪೀಠೋಪಕರಣದಲ್ಲಿ ಪೋಜಿಡ್ರೈವ್ ಬಹಳ, ಮನೆಗಳಲ್ಲಿ ಇರುವುದು ಫಿಲಿಪ್ಸ್ ಸ್ಕ್ರೂಡ್ರೈವರ್. ಅದು ಪೂರ್ತಿ ಆಳಕ್ಕೆ ಕೂರದೆ ಜಾರುತ್ತದೆ, ಸ್ಕ್ರೂವಿನ ತಲೆ ಸವೆಯುತ್ತದೆ. ಪಿಝಡ್ 2 ಅಳತೆಯ ಪೋಜಿಡ್ರೈವ್ ಸ್ಕ್ರೂಡ್ರೈವರೊಂದನ್ನು ಕೊಂಡರೆ ಕೈನೋವಿನಲ್ಲಿ ಅರ್ಧ ಕಡಿಮೆ.

ಬೋಲ್ಟು ಮತ್ತು ಬಿಲ್ಲೆ

ಎಲ್ಲದರಲ್ಲೂ ಗಮನ ಬೇಡುವುದು ಕ್ಯಾಮ್ ಲಾಕ್. ಒಂದು ಹಲಗೆಗೆ ಗುಂಡುತಲೆಯ ಬೋಲ್ಟು, ಇನ್ನೊಂದಕ್ಕೆ 15 ಮಿ.ಮೀ. ಅಗಲದ ಲೋಹದ ಬಿಲ್ಲೆ. ಬೋಲ್ಟಿನ ತಲೆ ಬಿಲ್ಲೆಯ ಬಾಯಿಗೆ ಹೋಗುತ್ತದೆ. ಬಿಲ್ಲೆ ತಿರುಗಿದಾಗ ಅದರೊಳಗಿನ ಓರೆ ಅಂಚು ತಲೆಯನ್ನು ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎಳೆತವೆಲ್ಲ ಒಂದೆರಡು ಮಿಲಿಮೀಟರಿನದು. ಹಾಗಾಗಿ ಬೋಲ್ಟು ಒಂದು ಸುತ್ತು ಹೊರಗಿದ್ದರೂ ಬಿಲ್ಲೆಗೆ ತಲೆ ಬಿಗಿಯಾಗಿ ಸಿಗದು.

ಬೋಲ್ಟನ್ನು ಕೈಯಲ್ಲೇ ತಿರುಗಿಸಿ. ಅದರ ಸೊಂಟದಲ್ಲಿ ಒಂದು ಬಳೆಯಿರುತ್ತದೆ. ಬಳೆ ಹಲಗೆಯ ಮೈಗೆ ತಾಗಿದಾಗ ನಿಲ್ಲಿಸಿ. ತಾಗುವ ಮೊದಲು ನಿಂತರೆ ಕೀಲು ಸಡಿಲ, ತಾಗಿದ ಮೇಲೂ ತಿರುಗಿಸಿದರೆ ಹೊಟ್ಟಿನೊಳಗಿನ ಥ್ರೆಡ್ ಕಿತ್ತುಹೋಗಿ ಬೋಲ್ಟು ಸುಮ್ಮನೆ ಸುತ್ತುತ್ತದೆ. ಬ್ಯಾಟರಿ ಡ್ರಿಲ್ಲು ಇಲ್ಲಿ ಬೇಡ. ಬೇರೆ ಕಡೆ ಬಳಸಿದರೂ ಕ್ಲಚ್ಚನ್ನು (ಇಷ್ಟು ಬಿಗಿಯಾದರೆ ಸಾಕೆಂದು ತಡೆಯುವ, ಅಂಕೆಗಳಿರುವ ಬಳೆಯನ್ನು) ಅತಿ ಕಡಿಮೆ ಅಂಕೆಗಳಲ್ಲಿ ಇಡಿ.

ಬಿಲ್ಲೆಯ ಮೇಲೆ ಒಂದು ಬಾಣದ ಗುರುತು. ಕೂರಿಸುವಾಗ ಅದು ಬೋಲ್ಟು ಬರುವ ಅಂಚಿನ ಕಡೆಗೇ ತಿರುಗಿರಬೇಕು, ಇಲ್ಲವಾದರೆ ಬಾಯಿ ಬೇರೆ ಕಡೆಗಿದ್ದು ತಲೆ ಒಳಗೆ ಹೋಗುವುದಿಲ್ಲ. ಹಲಗೆಗಳ ನಡುವೆ ಬಿರುಕು ಕಾಣದಷ್ಟು ಒತ್ತಿ ಹಿಡಿದು, ಬಿಲ್ಲೆಯನ್ನು ಬಲಕ್ಕೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ತಿರುಗಿಸಿ. ಹಲಗೆಗಳ ನಡುವಿನ ಬಿರುಕನ್ನು ಬಿಲ್ಲೆಯೇ ಮುಚ್ಚಲಿ ಎಂದು ಬಲ ಹಾಕಬೇಡಿ, ಅದು ಎರಕದ ಲೋಹ, ಅಂಚು ಮುರಿಯುತ್ತದೆ. ಮುರಿದರೆ ಎದೆಗುಂದುವುದೂ ಬೇಡ: 15 ಮಿ.ಮೀ. ಅಳತೆ ಬಹುಪಾಲು ಎಲ್ಲ ಕಡೆ ಒಂದೇ ಆದ್ದರಿಂದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ.

ಜೊತೆಗೆ ಬರುವ ಡೋವೆಲ್‌ಗಳು, ಅಂದರೆ ಮರದ ಗುಂಡು ಗೂಟಗಳು, ಸಾಮಾನ್ಯವಾಗಿ 8 ಮಿ.ಮೀ. ದಪ್ಪದವು, ಹಲಗೆಯನ್ನು ಸರಿಯಾದ ಜಾಗದಲ್ಲಿ ಹಿಡಿಯುತ್ತವೆ. ಅರ್ಧಕ್ಕಿಂತ ಹೆಚ್ಚು ಹೊರಗೆ ಉಳಿದರೆ ತೂತಿನಲ್ಲಿ ಹೊಟ್ಟು ತುಂಬಿದೆ ಎಂದರ್ಥ. ಹಲಗೆಯನ್ನು ತಿರುಗಿಸಿ ತಟ್ಟಿ ಉದುರಿಸಿ. ಮುಂದೆ ಬಿಚ್ಚುವ ಯೋಚನೆ ಇಲ್ಲದಿದ್ದರೆ ಡೋವೆಲ್ಲಿಗೆ ಒಂದು ಹನಿ ಮರದ ಅಂಟು ಹಾಕಿ, ಗಟ್ಟಿತನ ಬಹಳ ಹೆಚ್ಚುತ್ತದೆ. ಮನೆ ಬದಲಿಸುವವರು ಅಂಟು ಮುಟ್ಟಬಾರದು.

ಥ್ರೆಡ್ ಹೋದ ತೂತಿಗೆ ಬೆಂಕಿಕಡ್ಡಿ ತುರುಕುವುದು ತಾತ್ಕಾಲಿಕ ಉಪಾಯ. ಸರಿಯಾದ ದಾರಿ ಹೀಗೆ: ಹಲಗೆಯ ಆಚೆ ಬದಿಗೆ ತೂರದಂತೆ ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಂಡು ತೂತನ್ನು 8 ಮಿ.ಮೀ.ಗೆ ಕೊರೆಯಿರಿ, ಅಂಟು ಹಚ್ಚಿದ ಡೋವೆಲ್ ತೂರಿಸಿ, ಒಂದು ದಿನ ಒಣಗಲು ಬಿಡಿ. ಹೊರಗೆ ಉಳಿದದ್ದನ್ನು ಕೊಯ್ದು, 4 ಮಿ.ಮೀ. ಸ್ಕ್ರೂಗೆ 2.5–3 ಮಿ.ಮೀ. ತೂತನ್ನು ಹೊಸದಾಗಿ ಕೊರೆಯಿರಿ. ಹಳೆಯ ಹೊಟ್ಟಿಗಿಂತ ಈ ಮರವೇ ಗಟ್ಟಿ.

ಮೂಲೆಯಿಂದ ಮೂಲೆಗೆ

ಚೌಕಟ್ಟಿನ ಎಲ್ಲ ಸ್ಕ್ರೂಗಳನ್ನು ಮೊದಲು ಮುಕ್ಕಾಲು ಬಿಗಿ ಮಾಡಿ ನಿಲ್ಲಿಸಿ. ಹಿಂಬದಿಯ ಹಲಗೆಗೆ ಮೊಳೆ ಹೊಡೆಯುವ ಮುನ್ನ ಟೇಪು ಹಿಡಿದು ಎರಡೂ ಕರ್ಣ ಅಳೆಯಿರಿ. 180 × 80 ಸೆಂ.ಮೀ. ಚೌಕಟ್ಟಿನಲ್ಲಿ ಎರಡೂ 197 ಸೆಂ.ಮೀ. ಬರಬೇಕು. ಒಂದು 197.6, ಇನ್ನೊಂದು 196.4 ಬಂದಿತೆನ್ನಿ. ನೋಡಲು ಚೌಕಟ್ಟು ನೇರವಾಗಿಯೇ ಕಾಣುತ್ತದೆ. ಆದರೆ ಅದಕ್ಕೆ 40 ಸೆಂ.ಮೀ. ಅಗಲದ ಎರಡು ಬಾಗಿಲು ತೂಗುಹಾಕಿದರೆ, ನಡುವೆ ಕೂಡುವಲ್ಲಿ ಒಂದು ಬಾಗಿಲು ಮೂರು ಮಿ.ಮೀ. ಇಳಿದು ಇನ್ನೊಂದು ಮೂರು ಮಿ.ಮೀ. ಏರುತ್ತದೆ, ಒಟ್ಟು ಆರು ಮಿ.ಮೀ.ಗೂ ಹೆಚ್ಚು ಏರುಪೇರು. ಹಿಂಜಿನಲ್ಲಿ ಮೇಲೆ–ಕೆಳಗೆ ಸರಿಸಲು ಸಾಮಾನ್ಯವಾಗಿ ಸಿಗುವುದು ಒಂದೆರಡು ಮಿ.ಮೀ. ಮಾತ್ರ. ಬಾಗಿಲ ಮುಂದೆ ಕೂತು ಸಂಜೆಯೆಲ್ಲ ತಿರುಗಿಸಿದರೂ ಸರಿಹೋಗದಿರುವುದು ಇದಕ್ಕೇ.

ಉದ್ದ ಬಂದ ಕರ್ಣದ ಎರಡು ತುದಿಗಳನ್ನು ಇಬ್ಬರು ಒಳಮುಖವಾಗಿ ಒತ್ತಿ, ವ್ಯತ್ಯಾಸ 2 ಮಿ.ಮೀ. ಒಳಗೆ ಬಂದಾಗ ಹಾಗೇ ಹಿಡಿದುಕೊಳ್ಳಿ. ಈಗ ಸ್ಕ್ರೂಗಳನ್ನು ಪೂರ್ತಿ ಬಿಗಿ ಮಾಡಿ, ಹಿಂಬದಿ ಹಲಗೆಯ ನಾಲ್ಕು ಮೂಲೆಗೆ ಒಂದೊಂದು ಮೊಳೆ ಅರ್ಧ ಹೊಡೆದು, ಮತ್ತೊಮ್ಮೆ ಅಳೆದು, ಆಮೇಲೆ ಉಳಿದವನ್ನು ಹೊಡೆಯಿರಿ. ಮೊಳೆ ತುಸು ಒಳಮುಖವಾಗಿರಲಿ, ನೇರ ಹೊಡೆದರೆ ಪಕ್ಕದ ಹಲಗೆಯ ಹೊರಮೈ ಸೀಳುವ ಭಯವಿದೆ. 3 ಮಿ.ಮೀ. ದಪ್ಪದ ಈ ಹಲಗೆ ಧೂಳು ತಡೆಯಲು ಇಟ್ಟದ್ದಲ್ಲ. ಕಪಾಟು ಅಡ್ಡಕ್ಕೆ ವಾಲದಂತೆ ಹಿಡಿಯುವುದು ಇದೇ. ಇದನ್ನು ಬಿಟ್ಟು ಕಪಾಟನ್ನು ತಳ್ಳಿದರೆ ಬಿಲ್ಲೆಯ ಕೀಲುಗಳೆಲ್ಲ ಒಟ್ಟಿಗೆ ಕಿತ್ತುಬರಬಹುದು.

ನಿಲ್ಲಿಸಿದ ಮೇಲೆ ರಸಮಟ್ಟ ಇಟ್ಟು ನೋಡಿ. ನೆಲ ಒಂದು ಮೂಲೆಯಲ್ಲಿ ತಗ್ಗಿದ್ದರೆ, ಸರಿಯಾಗಿ ಕಟ್ಟಿದ ಕಪಾಟೂ ಅಲ್ಲಿಗೆ ತಿರುಚಿಕೊಳ್ಳುತ್ತದೆ. ತಗ್ಗಿನ ಕಾಲಿನ ಕೆಳಗೆ ತೆಳು ಪ್ಲಾಸ್ಟಿಕ್ ಚಕ್ಕೆ ಕೊಟ್ಟು ಸಮ ಮಾಡಿ. ಬಾಗಿಲ ಹಿಂಜಿನ ಸ್ಕ್ರೂಗಳಿಗೆ ಕೈ ಹಾಕುವುದು ಇದಾದ ಮೇಲೆ: ಬಾಗಿಲಿಗೆ ಹತ್ತಿರದ ಸ್ಕ್ರೂ ಎಡ–ಬಲಕ್ಕೆ, ಹಿಂದಿನದು ಒಳಗೆ–ಹೊರಗೆ, ಪಕ್ಕದ ಹಲಗೆಗೆ ಕೂತ ತಗಡಿನ ಸ್ಕ್ರೂಗಳು ಮೇಲೆ–ಕೆಳಗೆ.

ಗೋಡೆಗೆ ಕಟ್ಟುವುದು

ಪೆಟ್ಟಿಗೆಯಲ್ಲಿ ಉಳಿದ ಸಣ್ಣ ಪಟ್ಟಿ ಮತ್ತು ಸ್ಕ್ರೂ ಹೆಚ್ಚುವರಿಯಲ್ಲ, ಕಪಾಟನ್ನು ಗೋಡೆಗೆ ಕಟ್ಟಲು ಕೊಟ್ಟದ್ದು. ಡ್ರಾಯರ್‌ಗಳೆಲ್ಲ ಒಮ್ಮೆಗೆ ಹೊರಬಂದಾಗ ಭಾರ ಮುಂಗಾಲುಗಳ ಆಚೆಗೆ ಹೋಗುತ್ತದೆ, ಮಗು ಒಂದು ಡ್ರಾಯರಿನ ಮೇಲೆ ಕಾಲಿಟ್ಟರೂ ಕಪಾಟು ಮಗುಚಿ ಬೀಳಬಹುದು. ಇಂಥ ಅವಘಡದಲ್ಲಿ ಮಕ್ಕಳು ಸತ್ತಿದ್ದಾರೆ. ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ನಾಳೆಗೆ ಇಡಬೇಡಿ. ಇಟ್ಟಿಗೆ ಗೋಡೆಗೆ 8 ಮಿ.ಮೀ. ಪ್ಲಗ್ಗಾದರೆ (ಗೋಡೆಯ ತೂತಿನಲ್ಲಿ ಸ್ಕ್ರೂವನ್ನು ಹಿಡಿಯುವ ಪ್ಲಾಸ್ಟಿಕ್ ಕೊಳವೆ) 8 ಮಿ.ಮೀ. ಬಿಟ್ಟಿನಲ್ಲೇ ಕೊರೆಯಿರಿ, ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗಲಿ. ಒಳಗೆ ಟೊಳ್ಳಿರುವ ಗೋಡೆಗೆ ಅದಕ್ಕೆಂದೇ ಸಿಗುವ ಪ್ಲಗ್ ಬೇಕು. ಪಟ್ಟಿ ಬಿಗಿದ ಮೇಲೆ ಕಪಾಟಿನ ಮೇಲಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದು ನೋಡಿ. ಪ್ಲಗ್ ಮಿಸುಕಿದರೆ ಅದು ಗಾರೆಯಲ್ಲೇ ನಿಂತಿದೆ. ತೆಗೆದು, ಇನ್ನೂ ಆಳಕ್ಕೆ ಕೊರೆದು ಉದ್ದದ್ದನ್ನು ಹಾಕಿ.