ಇಳಿಜಾರು ನಿವೇಶನಕ್ಕೆ ಬ್ಲಾಕ್ ತಡೆಗೋಡೆ: ನೀರಿಗೆ ದಾರಿ ಬಿಟ್ಟು ಕಟ್ಟುವ ಕ್ರಮ

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಬೆಟ್ಟದ ತಪ್ಪಲಿನಲ್ಲಿರುವ ಎಷ್ಟೋ ನಿವೇಶನಗಳಲ್ಲಿ ರಸ್ತೆಯ ಅಂಚಿಗೂ ಹಿತ್ತಲಿಗೂ ಎರಡು ಮೂರು ಅಡಿಗಳ ಏರಿಳಿತ ಇರುತ್ತದೆ. ಮನೆ ಕಟ್ಟಿದ ಮೇಲೆ ಈ ಇಳಿಜಾರನ್ನು ಸಮತಟ್ಟು ಮಾಡಲು ಮೇಲಿನ ಮಣ್ಣನ್ನು ಹಿಡಿದು ನಿಲ್ಲಿಸುವ ತಡೆಗೋಡೆ ಬೇಕಾಗುತ್ತದೆ. ಸಾಲಿಡ್ ಬ್ಲಾಕ್ ಎಲ್ಲೆಡೆ ಸಿಗುವುದರಿಂದ, ಸ್ವಲ್ಪ ಗಾರೆ ಕೆಲಸ ಬಲ್ಲವರು ಒಬ್ಬ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಇದನ್ನು ತಾವೇ ಕಟ್ಟಿಕೊಳ್ಳಬಹುದು. ಆದರೆ ಕಾಂಪೌಂಡ್ ಗೋಡೆಯಂತೆಯೇ ಇದನ್ನೂ ಕಟ್ಟಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ಅದು ಹೊಟ್ಟೆ ಬಿಟ್ಟುಕೊಂಡು ಮುಂದಕ್ಕೆ ವಾಲುವ ಸಂಭವ ಹೆಚ್ಚು.

ವಾಲುವುದಕ್ಕೆ ಜನ ಸಾಮಾನ್ಯವಾಗಿ ಮಣ್ಣನ್ನು ದೂರುತ್ತಾರೆ. ನಿಜವಾದ ಕಾರಣ ಬಹುತೇಕ ನೀರು. ಮೂರು ಅಡಿ ಎತ್ತರದ ಗೋಡೆಯ ಹಿಂದೆ ಗರಸು ಬೆರೆತ ಒಣ ಕೆಮ್ಮಣ್ಣು ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 250 ಕೆ.ಜಿ. ಒತ್ತಡ ಬೀಳುತ್ತದೆ. ಅದೇ ಮಣ್ಣಿನಲ್ಲಿ ನೀರು ಮೇಲಿನವರೆಗೆ ತುಂಬಿ ನಿಂತರೆ ಆ ಒತ್ತಡ 500 ಕೆ.ಜಿ. ದಾಟುತ್ತದೆ. ಅಲ್ಲದೆ ಎತ್ತರ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗೋಡೆಯನ್ನು ಉರುಳಿಸುವ ಬಲವಂತೂ ಎಂಟರಷ್ಟಾಗುತ್ತದೆ. ಆದ್ದರಿಂದಲೇ ಇಲ್ಲಿ ಹೇಳುವ ಕ್ರಮ ಮೂರು ಅಡಿ ಎತ್ತರದ ಗೋಡೆಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ಎತ್ತರ ಬೇಕಿದ್ದರೆ, ಅಥವಾ ಗೋಡೆಯ ಮೇಲ್ಭಾಗದಲ್ಲಿ ಕಾರು ನಿಲ್ಲುವುದಿದ್ದರೆ, ಇಲ್ಲವೇ ಮನೆಯ ಪಾಯವೇ ಹತ್ತಿರವಿದ್ದರೆ, ಎಂಜಿನಿಯರ್ ಒಬ್ಬರಿಂದ ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆಯ ನಕ್ಷೆ ಮಾಡಿಸಿಕೊಳ್ಳುವುದೇ ಸರಿ.

ಈ ಸೀಮೆಯ ಹೊಲಗಳ ಬದುಗಳಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಪೇರಿಸಿದ ಕಟ್ಟೆಗಳನ್ನು ಇಂದಿಗೂ ನೋಡಬಹುದು. ಜೋರು ಮಳೆ ನಿಂತ ಮೇಲೆ ಅವುಗಳ ಹತ್ತಿರ ಹೋಗಿ ನೋಡಿದರೆ, ಸಂದುಸಂದಿನಿಂದಲೂ ತೆಳುವಾಗಿ ನೀರು ಜಿನುಗುತ್ತಿರುತ್ತದೆ. ಆ ಕಟ್ಟೆಗೆ ಪೈಪೂ ಬೇಡ, ಕಿಂಡಿಯೂ ಬೇಡ. ಇಡೀ ಕಟ್ಟೆಯೇ ನೀರನ್ನು ಬಿಟ್ಟುಕೊಡುತ್ತದೆ. ಸಿಮೆಂಟ್ ಹಾಕಿ ಬ್ಲಾಕ್ ಕಟ್ಟಿದಾಗ ನಾವು ಆ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತೇವೆ. ಹೊರದಾರಿಯಿಲ್ಲದ ಬ್ಲಾಕ್ ತಡೆಗೋಡೆ ಕೋಡಿಯಿಲ್ಲದ ಕೆರೆಯಿದ್ದಂತೆ: ಏರಿ ಎಷ್ಟೇ ಗಟ್ಟಿಯಾಗಿದ್ದರೂ ಹೆಚ್ಚಾದ ನೀರು ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಸೈಜುಗಲ್ಲು ಅಗ್ಗವಾಗಿ ಸಿಗುವ ಕಡೆ, ಕಲ್ಲು ಕೆಲಸ ಬಲ್ಲವರು ಊರಿನಲ್ಲಿಯೇ ಇದ್ದರೆ, ಒಣ ಕಲ್ಲುಕಟ್ಟಡವೇ ಬ್ಲಾಕಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಹೆಚ್ಚು ಜಾಗ ಬೇಡುತ್ತದೆ, ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಆ ಜಾಗ ಸಿಗುವುದು ಕಷ್ಟ.

ಕೆಲಸವನ್ನು ಪಾಯದಿಂದಲ್ಲ, ನೀರು ಹೊರಹೋಗುವ ಜಾಗದಿಂದ ಆರಂಭಿಸಬೇಕು. ಗೋಡೆಯ ಹಿಂದೆ ಸೇರುವ ನೀರು ಕೊನೆಗೆ ಎಲ್ಲಿಗೆ ಬೀಳಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಅಗೆಯಲು ಹೋಗಬಾರದು. ಅದು ರಸ್ತೆಬದಿಯ ಮಳೆನೀರಿನ ಚರಂಡಿಯಾಗಬಹುದು, ನಿಮ್ಮದೇ ನಿವೇಶನದ ತಗ್ಗಿನ ಮೂಲೆಯಲ್ಲಿ ತೆಗೆದ ಇಂಗುಗುಂಡಿಯಾಗಬಹುದು. ಪಕ್ಕದವರ ಜಾಗಕ್ಕೆ ಮಾತ್ರ ಬಿಡಕೂಡದು. ಅಕ್ಕಪಕ್ಕದವರೊಂದಿಗೆ ಜಗಳ ತೆಗೆಯಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ನಂತರ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿಸಿ, ಆ ಚರಂಡಿಯ ತಳಕ್ಕೂ ಗೋಡೆ ಬರುವ ಜಾಗದ ನೆಲಕ್ಕೂ ಎಷ್ಟು ಅಂತರವಿದೆ ಎಂದು ಅಳೆಯಬೇಕು. ಗೋಡೆಯ ಹಿಂದೆ ಸೇರುವ ನೀರನ್ನು ಹೊರಗೊಯ್ಯಲು ಮಲಗಿಸುವ ತೂತಿನ ಪೈಪನ್ನು ಎಷ್ಟು ಆಳದಲ್ಲಿ ಹಾಕಬಹುದು ಎಂಬುದನ್ನು ನಿರ್ಧರಿಸುವುದು ಈ ಅಳತೆಯೇ. ಚರಂಡಿ ಸಾಕಷ್ಟು ತಗ್ಗಿನಲ್ಲಿದ್ದರೆ ಪೈಪನ್ನು ಪಾಯದ ಕಾಂಕ್ರೀಟಿನ ಮಟ್ಟದಲ್ಲಿಯೇ ಇಡಬಹುದು. ಇಲ್ಲದಿದ್ದರೆ ಗೋಡೆಯ ಹಿಂದೆ, ಮುಂಭಾಗದ ನೆಲದ ಮಟ್ಟದವರೆಗೆ ಜಿಗುಟು ಮಣ್ಣನ್ನು ಗಟ್ಟಿಯಾಗಿ ದಿಮ್ಮಸು ಹೊಡೆದು ತುಂಬಿ, ಅದರ ಮೇಲೆ ಪೈಪನ್ನು ಕೂರಿಸಬೇಕಾಗುತ್ತದೆ.

ಕಾಲವನ್ನೂ ನೋಡಿಕೊಳ್ಳಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. 2021ರಲ್ಲಿ ನವೆಂಬರಿನಲ್ಲಿಯೂ ಧಾರಾಕಾರವಾಗಿ ಸುರಿದು ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಮಣ್ಣನ್ನು ನೇರವಾಗಿ ಕಡಿದು ಬಿಟ್ಟಿರುವಾಗ ಅಂಥ ಮಳೆ ಬಂದರೆ ಕಡಿದ ಅಂಚು ಕುಸಿಯುತ್ತದೆ. ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಈ ಕೆಲಸಕ್ಕೆ ಒಳ್ಳೆಯದು. ಆಗಲೂ ಮೇಲಿನ ಮಣ್ಣನ್ನು ಗೋಡೆಯಂತೆ ಕಡಿಯದೆ ಓರೆಯಾಗಿ ಕಡಿಯಬೇಕು, ಮಕ್ಕಳನ್ನು ಅದರ ಬುಡಕ್ಕೆ ಬಿಡಬಾರದು.

ಪಾಯಕ್ಕೆ ಒಂದೂವರೆ ಅಡಿ ಆಳದ, ಎರಡು ಅಡಿ ಅಗಲದ ಕಾಲುವೆ ತೆಗೆಯಬೇಕು. ಗಡಿಯ ಪಕ್ಕದಲ್ಲಿ ಕಟ್ಟುವುದಾದರೆ ಈ ಎರಡು ಅಡಿಯೂ ನಿಮ್ಮ ಜಾಗದೊಳಗೇ ಬರಬೇಕು. ತಳದಲ್ಲಿ ಗಟ್ಟಿ ಗರಸು ಸಿಕ್ಕರೆ ಸಾಕು. ಬಡಾವಣೆ ಮಾಡುವಾಗ ಹೊರಗಿನಿಂದ ತಂದು ತುಂಬಿದ ಮಣ್ಣಾಗಿದ್ದರೆ ಅಥವಾ ಕೆರೆಯಂಗಳಕ್ಕೆ ಹತ್ತಿರದ ಜೇಡಿಮಣ್ಣಾಗಿದ್ದರೆ, ಮೂಲ ನೆಲ ಸಿಗುವವರೆಗೆ ಅಗೆದು, ಹೆಚ್ಚಾದ ಆಳಕ್ಕೆ ಗರಸು ತುಂಬಿ ದಿಮ್ಮಸು ಹೊಡೆಯಬೇಕು. ತಳಕ್ಕೆ 40 ಎಂಎಂ ಜಲ್ಲಿಯ 1:4:8 (ಕ್ರಮವಾಗಿ ಸಿಮೆಂಟ್, ಮರಳು, ಜಲ್ಲಿಯ ಪಾಲು) ಬೆಡ್ ಕಾಂಕ್ರೀಟನ್ನು ಮೂರು ಇಂಚು, ಅದರ ಮೇಲೆ 20 ಎಂಎಂ ಜಲ್ಲಿಯ 1:2:4 ಕಾಂಕ್ರೀಟನ್ನು ಆರು ಇಂಚು ಹಾಕಬೇಕು. ನೆಲ ಉದ್ದಕ್ಕೂ ಇಳಿಜಾರಾಗಿದ್ದರೆ ಪಾಯವನ್ನು ಓರೆಯಾಗಿ ಹಾಕದೆ, ಒಂದು ಬ್ಲಾಕಿನ ಎತ್ತರಕ್ಕೆ ಒಂದರಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಬರಬೇಕು.

ಬ್ಲಾಕುಗಳಲ್ಲಿ 16 ಇಂಚು ಉದ್ದ, 8 ಇಂಚು ಅಗಲ, 8 ಇಂಚು ಎತ್ತರದ ಸಾಲಿಡ್ ಬ್ಲಾಕನ್ನೇ ಕೇಳಬೇಕು. ನಾಲ್ಕು ಇಂಚಿನದು, ಆರು ಇಂಚಿನದು ಈ ಕೆಲಸಕ್ಕೆ ಬಾರದು. ಒಂದೊಂದೂ ಸುಮಾರು 35 ಕೆ.ಜಿ. ತೂಗುವುದರಿಂದ ಎತ್ತಿಕೊಡಲು ಇನ್ನೊಬ್ಬರು ಇರಲೇಬೇಕು. ಬೇಡಿಕೆ ಹೆಚ್ಚಿರುವಾಗ ಸರಿಯಾಗಿ ಕ್ಯೂರಿಂಗ್ ಆಗದ ಹಸಿ ಬ್ಲಾಕುಗಳೂ ಗಾಡಿ ಏರಿಬಿಡುತ್ತವೆ. ಇಳಿಸಿಕೊಳ್ಳುವ ಮೊದಲು ಒಂದೆರಡನ್ನು ಪರೀಕ್ಷಿಸಿ: ಮೊಳೆಯಿಂದ ಕೆರೆದರೆ ಪುಡಿ ಉದುರಬಾರದು, ಎರಡು ಬ್ಲಾಕುಗಳನ್ನು ಒಂದಕ್ಕೊಂದು ತಟ್ಟಿದರೆ ಮಂಕು ಸದ್ದಿನ ಬದಲು ಗಟ್ಟಿ ನಾದ ಬರಬೇಕು, ಮೂಲೆಗಳು ಕೈಯಲ್ಲಿ ಮುರಿಯಬಾರದು. ಇಪ್ಪತ್ತು ಅಡಿ ಉದ್ದದ ಗೋಡೆಗೆ ಸುಮಾರು 150 ಬ್ಲಾಕುಗಳು ಹಿಡಿಯುತ್ತವೆ. ಒಡೆಯುವುದನ್ನೂ ಸೇರಿಸಿ 160 ತರಿಸಿಕೊಳ್ಳಬಹುದು. ಪಾಯವೂ ಸೇರಿ ಒಂಬತ್ತರಿಂದ ಹತ್ತು ಮೂಟೆ ಸಿಮೆಂಟ್, ಗೋಡೆಯ ಹಿಂದಕ್ಕೆಂದು ಪ್ರತ್ಯೇಕವಾಗಿ ಅರ್ಧ ಯೂನಿಟ್ (50 ಘನ ಅಡಿ) ಜಲ್ಲಿ ಬೇಕಾಗುತ್ತದೆ.

ಗೋಡೆಯ ದಪ್ಪ 16 ಇಂಚು ಇರಲೇಬೇಕು. ಮಣ್ಣಿನ ಒತ್ತಡಕ್ಕೆ ಎದುರಾಗಿ ನಿಲ್ಲುವುದು ಗೋಡೆಯ ಸ್ವಂತ ತೂಕ. ಎಂಟು ಇಂಚಿನ ಒಂಟಿ ಗೋಡೆಗೆ ಆ ತೂಕವಿಲ್ಲ. ಮೊದಲ ವರಸೆಯಲ್ಲಿ, ಅಂದರೆ ಬ್ಲಾಕಿನ ಮೊದಲ ಪದರದಲ್ಲಿ, ಬ್ಲಾಕುಗಳನ್ನು ಉದ್ದುದ್ದಕ್ಕೆ ಎರಡು ಸಾಲಾಗಿ ಇಟ್ಟರೆ, ಎರಡನೆಯ ವರಸೆಯಲ್ಲಿ ಅಡ್ಡಡ್ಡಲಾಗಿ ಇಡಬೇಕು. ಹೀಗೆ ಅದಲು ಬದಲಾಗಿ ಕಟ್ಟಿದಾಗ ಮುಂದಿನ ಸಾಲೂ ಹಿಂದಿನ ಸಾಲೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಗಾರೆ 1:4 (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಇರಲಿ. ಒಂದು ಗಂಟೆಯೊಳಗೆ ಮುಗಿಯುವಷ್ಟನ್ನೇ ಕಲಸಿಕೊಳ್ಳಿ, ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಹಾಕಿ ಸಡಿಲಿಸಲು ಬಿಡಬೇಡಿ. ಇಟ್ಟಿಗೆಯಂತೆ ಸಿಮೆಂಟ್ ಬ್ಲಾಕನ್ನು ನೀರಿನಲ್ಲಿ ನೆನೆಹಾಕುವುದು ಬೇಡ, ಮೇಲ್ಮೈಗೆ ನೀರು ಚಿಮುಕಿಸಿದರೆ ಸಾಕು. ನೂಲು ಕಟ್ಟಿ, ಪ್ರತಿ ವರಸೆಯ ಮಟ್ಟವನ್ನು ರಸಮಟ್ಟದಿಂದ ನೋಡುತ್ತಾ, ವರಸೆಗೆ ಅರ್ಧ ಇಂಚಿನಂತೆ ಗೋಡೆಯನ್ನು ಮಣ್ಣಿನ ಕಡೆಗೆ ಹಿಂದೆ ಸರಿಸುತ್ತಾ ಹೋಗಬೇಕು. ಕಾಂಪೌಂಡ್ ಕಟ್ಟಿ ಅಭ್ಯಾಸವಾದ ಮೇಸ್ತ್ರಿಗೆ ತೂಗುಗುಂಡು ಬಿಟ್ಟು ನೇರ ನಿಲ್ಲಿಸುವುದೇ ಸರಿಯೆನಿಸುತ್ತದೆ, ಆದ್ದರಿಂದ ಇದನ್ನು ಮೊದಲೇ ಹೇಳಿಟ್ಟಿರಬೇಕು. ಒಂದು ವರಸೆ ನೆಲದೊಳಗೆ, ನಾಲ್ಕು ವರಸೆ ನೆಲದ ಮೇಲೆ, ಅದರ ಮೇಲೆ ಮೂರು ಇಂಚಿನ ಕಾಂಕ್ರೀಟ್ ಕಟ್ಟು ಹಾಕಿದರೆ ಮೂರು ಅಡಿಗೆ ಸರಿಹೋಗುತ್ತದೆ. ಗೋಡೆ ಇಪ್ಪತ್ತು ಅಡಿಗಿಂತ ಉದ್ದವಾದರೆ ನಡುವೆ ಅರ್ಧ ಇಂಚಿನ ನೇರ ಸಂದು ಬಿಟ್ಟು ಥರ್ಮೋಕೋಲ್ ತುಂಬಬೇಕು. ಬಿಡದಿದ್ದರೆ ಬೇಸಿಗೆಯಲ್ಲಿ ಗೋಡೆ ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ.

ನೆಲದ ಮೇಲಿನ ಮೊದಲ ವರಸೆಯಲ್ಲಿಯೇ ನೀರಿನ ಕಿಂಡಿಗಳನ್ನು ಇಡಬೇಕು. ನಾಲ್ಕೈದು ಅಡಿಗೆ ಒಂದರಂತೆ, ಮುಂಭಾಗದ ನೆಲದಿಂದ ನಾಲ್ಕರಿಂದ ಆರು ಇಂಚು ಮೇಲೆ, ಮೂರು ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೂರಿಸಿ ಸುತ್ತ ಗಾರೆ ತುಂಬಬೇಕು. ಹಿಂಬದಿಯ ಬಾಯಿಗೆ ಜಾಲರಿ ಕಟ್ಟಬೇಕು. ಎಲ್ಲ ಮುಗಿದ ಮೇಲೆ ಗೋಡೆಗೆ ತೂತು ಕೊರೆಯುತ್ತೇವೆ ಎನ್ನುವವರಿದ್ದಾರೆ. ಕೊರೆದ ತೂತು ಹಿಂದಿನ ಜಲ್ಲಿಯನ್ನು ತಲುಪಿದೆಯೋ ಬರೀ ಮಣ್ಣಿಗೆ ಮುಟ್ಟಿದೆಯೋ ಎಂಬುದು ಆಗ ತಿಳಿಯುವುದಿಲ್ಲ.

ಗೋಡೆಗೆ ಗೋಣಿಚೀಲ ಹೊದಿಸಿ ಕನಿಷ್ಠ ಹತ್ತು ದಿನ ನೀರುಣಿಸಿದ ಮೇಲೆ ಹಿಂದಿನ ಕೆಲಸಕ್ಕೆ ಕೈಹಾಕಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಮೊದಲು ಗೋಡೆಯ ಹಿಂದೆ, ಪಾಯದಿಂದ ಕಡಿದ ಮಣ್ಣಿನ ಅಂಚಿನ ಮೇಲ್ತುದಿಯವರೆಗೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹಾಸಬೇಕು. ಇದು ಕಂಬಳಿಯಂತೆ ಒತ್ತಾಗಿರುವ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ. ಇದರ ಬದಲಿಗೆ ಟಾರ್ಪಾಲು ಹಾಕಿದರೆ ನೀರೇ ಒಳಗೆ ಬರುವುದಿಲ್ಲ. ತೋಟಕ್ಕೆ ಬಳಸುವ ಹಸಿರು ನೆರಳುಬಲೆ ಹಾಕಿದರೆ ನೀರಿನ ಜೊತೆ ಮಣ್ಣೂ ಬರುತ್ತದೆ. ಬಟ್ಟೆಯ ಮೇಲೆ ಎರಡು ಇಂಚು ಜಲ್ಲಿ ಹರಡಿ, ಅದರ ಮೇಲೆ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಇಪ್ಪತ್ತು ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಬರುವಂತೆ ಮಲಗಿಸಬೇಕು. ಪೈಪಿನ ಕೆಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸಾಲಿನಂತೆ, ಆರಾರು ಇಂಚಿಗೆ 8 ಎಂಎಂ ತೂತುಗಳನ್ನು ಕೊರೆದಿರಬೇಕು. ತೂತು ಕೆಳಗಿದ್ದರೆ ನೀರು ಹೇಗೆ ಒಳಗೆ ಬರುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಜಲ್ಲಿಯಲ್ಲಿ ಇಳಿದ ನೀರು ತಳದಲ್ಲಿ ಸೇರಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ತೂತು ಕೆಳಗಿದ್ದಾಗ ಏರಲು ಆರಂಭಿಸಿದ ಕೂಡಲೇ ಅದು ಪೈಪಿನೊಳಗೆ ಹರಿಯುತ್ತದೆ, ಮೇಲಿನಿಂದ ಬೀಳುವ ಕೆಸರು ತೂತಿಗೆ ಸೇರುವುದಿಲ್ಲ. ಪೈಪಿನ ತಗ್ಗಿನ ತುದಿಯನ್ನು ಚರಂಡಿಗೆ ಬಿಟ್ಟು, ಇಲಿ ಹೆಗ್ಗಣ ನುಗ್ಗದಂತೆ ಜಾಲರಿ ಹಾಕಬೇಕು. ಎತ್ತರದ ತುದಿಗೆ ಬೆಂಡ್ ಹಾಕಿ ಪೈಪನ್ನು ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿಡಬೇಕು. ಮುಂದೆಂದಾದರೂ ಕಟ್ಟಿಕೊಂಡರೆ ಅಲ್ಲಿಂದ ನೀರು ಬಿಟ್ಟು ತೊಳೆಯಬಹುದು.

ಈಗ ಗೋಡೆಗೆ ತಾಗಿದಂತೆ ಒಂದು ಅಡಿ ದಪ್ಪಕ್ಕೆ 20 ಎಂಎಂ ಜಲ್ಲಿಯನ್ನು, ಅದರ ಹಿಂದೆ ಮಣ್ಣನ್ನು, ನಡುವೆ ಬಟ್ಟೆ ಇರುವಂತೆ ಎಂಟೆಂಟು ಇಂಚಿನ ಪದರಗಳಲ್ಲಿ ತುಂಬುತ್ತಾ ಬರಬೇಕು. ಜಲ್ಲಿಯಲ್ಲಿ ಕ್ರಷರ್ ಪುಡಿ ಇರಬಾರದು, ಇದ್ದರೆ ತೊಳೆದು ಹಾಕಬೇಕು. ಪ್ರತಿ ಪದರದ ಮಣ್ಣಿಗೆ ಸ್ವಲ್ಪ ತೇವ ಮಾಡಿ ಕೈ ದಿಮ್ಮಸಿನಿಂದಲೇ ಗಟ್ಟಿ ಮಾಡಬೇಕು. ಜೆಸಿಬಿ ಕರೆಸಿದರೆ ಅರ್ಧ ಗಂಟೆಯಲ್ಲಿ ಮಣ್ಣೆಲ್ಲ ಒಳಗೆ ಬೀಳುತ್ತದೆ ನಿಜ, ಆದರೆ ಅದರ ಚಕ್ರದ ಭಾರ ಹಸಿ ಗೋಡೆಯ ಪಕ್ಕಕ್ಕೆ ಬಂದರೆ ಗೋಡೆ ಅಂದೇ ಜರುಗಬಹುದು. ಜಲ್ಲಿ ಮೇಲಿನಿಂದ ಎಂಟು ಇಂಚು ಕೆಳಗಿರುವಾಗಲೇ ನಿಲ್ಲಿಸಿ, ಮೇಲ್ತುದಿಯಲ್ಲಿ ಉಳಿದ ಬಟ್ಟೆಯನ್ನು ಜಲ್ಲಿಯ ಮೇಲೆ ಮಡಚಿ, ಅದರ ಮೇಲೆ ಜಿಗುಟು ಮಣ್ಣು ಹಾಕಿ ಬಿಗಿಯಬೇಕು. ಮೇಲೆ ಹರಿಯುವ ಮಳೆನೀರು ನೇರವಾಗಿ ಜಲ್ಲಿಗೆ ಇಳಿಯಬಾರದು ಎಂಬುದೇ ಇದರ ಉದ್ದೇಶ. ಮಡಚುವ ಮುನ್ನ ಎತ್ತರದ ತುದಿಯಲ್ಲಿ ನಲ್ಲಿಯ ಪೈಪು ಹಿಡಿದು ಜಲ್ಲಿಗೆ ನೀರು ಬಿಟ್ಟು ನೋಡಿ: ಕೆಲವೇ ನಿಮಿಷಗಳಲ್ಲಿ ಚರಂಡಿಯ ತುದಿಯಲ್ಲಿ ನೀರು ಕಾಣಿಸಬೇಕು.

ಮೇಲಿನ ಅಂಗಳದ ನೀರಿಗೆ ಬೇರೆಯೇ ವ್ಯವಸ್ಥೆ ಬೇಕು. ಗೋಡೆಯಿಂದ ಎರಡು ಅಡಿ ಹಿಂದೆ ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ತಾರಸಿಯ ಮಳೆನೀರಿನ ಪೈಪು, ಸಂಪು ತುಂಬಿ ಹೊರಚೆಲ್ಲುವ ನೀರು, ಬಚ್ಚಲ ನೀರು ಯಾವುದನ್ನೂ ಗೋಡೆಯ ಹಿಂದಕ್ಕೆ ಬಿಡಬಾರದು. ಹೊಂಗೆ, ಆಲ, ಅತ್ತಿಯಂಥ ಮರಗಳನ್ನು ಅಲ್ಲಿ ನೆಡಬಾರದು. ಹುಲ್ಲು, ಹೂವಿನ ಗಿಡಗಳಿಗೆ ಅಡ್ಡಿಯಿಲ್ಲ.

ಮೊದಲ ದೊಡ್ಡ ಮಳೆಯ ನಂತರ ಪೈಪಿನ ತುದಿಯನ್ನೂ ಕಿಂಡಿಗಳನ್ನೂ ನೋಡಬೇಕು. ಆರಂಭದಲ್ಲಿ ಸ್ವಲ್ಪ ಕದಡಿದ ನೀರು ಬಂದು ಆಮೇಲೆ ತಿಳಿಯಾದರೆ ಎಲ್ಲವೂ ಸರಿಯಾಗಿದೆ. ಪ್ರತಿ ಮಳೆಗೂ ಕೆಂಪು ಕೆಸರೇ ಬರುತ್ತಿದ್ದರೆ ಎಲ್ಲೋ ಬಟ್ಟೆ ಹರಿದಿದೆ ಅಥವಾ ಬಟ್ಟೆಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಆ ಜಾಗದಲ್ಲಿ ಮೇಲಿನ ಮಣ್ಣು ಕುಗ್ಗಿರುವುದು ಕಾಣಿಸುತ್ತದೆ, ಅಲ್ಲಿ ಅಗೆದು ಸರಿಪಡಿಸಬೇಕು. ಜೋರು ಮಳೆಯಲ್ಲಿಯೂ ಏನೂ ಬಾರದಿದ್ದರೆ ಅದು ಇನ್ನೂ ಕೆಟ್ಟ ಸೂಚನೆ, ಕೂಡಲೇ ಮೇಲ್ತುದಿಯ ಮುಚ್ಚಳ ತೆಗೆದು ಪೈಪನ್ನು ತೊಳೆಯಬೇಕು. ವರ್ಷಕ್ಕೊಮ್ಮೆ ಗೋಡೆಯ ತುದಿಯಿಂದ ತುದಿಗೆ ನೂಲು ಹಿಡಿದು, ನಡುವೆ ಉಬ್ಬಿದೆಯೇ ಎಂದು ಅಳೆದು ಬರೆದಿಟ್ಟುಕೊಳ್ಳಿ. ಉಬ್ಬು ಹಿಂದಿನ ವರ್ಷಕ್ಕಿಂತ ಹೆಚ್ಚಿದ್ದರೆ ಮುಂದಿನಿಂದ ಪ್ಲಾಸ್ಟರ್ ಬಳಿದು ಬಿರುಕು ಮುಚ್ಚುವುದರಿಂದ ಪ್ರಯೋಜನವಿಲ್ಲ, ಹಿಂದಿನ ಮಣ್ಣನ್ನು ತೆಗೆಸಿ ನೀರು ಎಲ್ಲಿ ನಿಂತಿದೆ ಎಂದು ನೋಡಬೇಕು.