ಸಲಹೆಗಾರರ ನೇಮಕದ ಟಿಪ್ಪಣಿ ಹಾಳೆ ಕೊನೆಗೂ ಕೈಗೆ ಬಂತು

"ಸಲಹೆಗಾರರ ಕಡತ ಯಾರಿಗೂ ಕೊಡಲ್ಲ, ಸುಮ್ನೆ ದುಡ್ಡು ದಂಡ" ಅಂದಿದ್ದರು ಮಾಹಿತಿ ಹಕ್ಕಿನಲ್ಲಿ ಪಳಗಿದ ಗೆಳೆಯರೇ. ಹದಿನಾಲ್ಕು ತಿಂಗಳಾಯಿತು. ಟಿಪ್ಪಣಿ ಹಾಳೆಯ, ಅಂದರೆ ಕಡತದಲ್ಲಿ ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆಯುವ ಹಾಳೆಯ, ದೃಢೀಕೃತ ಪ್ರತಿ ಈಗ ನನ್ನ ಮೇಜಿನ ಮೇಲಿದೆ.

ಮುಖ್ಯಮಂತ್ರಿಗೆ ಸಲಹೆಗಾರರಾದವರೊಬ್ಬರು ತಮ್ಮ ವ್ಯವಹಾರಗಳ ಬಗ್ಗೆ ಏನಾದರೂ ಬರೆದುಕೊಟ್ಟಿದ್ದಾರಾ? ನನಗೆ ಬೇಕಿದ್ದದ್ದು ಇಷ್ಟೇ. ಮಂತ್ರಿಗಳು ಗೌಪ್ಯತೆಯ ಪ್ರಮಾಣ ಮಾಡುತ್ತಾರೆ, ಕರ್ನಾಟಕದಲ್ಲಿ ಅವರ ಸಂಖ್ಯೆ ಮುಖ್ಯಮಂತ್ರಿಯೂ ಸೇರಿ 34 ದಾಟುವಂತಿಲ್ಲ. ಸಂಪುಟ ದರ್ಜೆಯ ಸಲಹೆಗಾರರಿಗೆ ಆ ಪ್ರಮಾಣವೂ ಇಲ್ಲ, ಆ ಲೆಕ್ಕವೂ ಇಲ್ಲ. ಇದು ನನ್ನ ನಿದ್ದೆ ಕೆಡಿಸಿತ್ತು.

ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು ಅನ್ನೋದು ಗೊತ್ತಿದ್ದೂ ಆವೇಶದಲ್ಲಿ ಮೊದಲ ಅರ್ಜಿ ಎರಡು ಪುಟ ಬರೆದೆ. ವಾಪಸ್ ಬಂತು. ಎರಡನೆಯದರಲ್ಲಿ "ಹಿತಾಸಕ್ತಿ ಸಂಘರ್ಷ ಇದೆಯೇ" ಅಂತ ಕೇಳಿದೆ. ಪ್ರಶ್ನಾರೂಪದಲ್ಲಿದೆ, ದಾಖಲೆ ಕೇಳಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದರು. ಮೂರನೆಯದಕ್ಕೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ತೋರಿಸಿ, ವೈಯಕ್ತಿಕ ಮಾಹಿತಿ, ಕೊಡಲ್ಲ ಅಂದರು. ಮೇಲ್ಮನವಿಯಲ್ಲೂ ಅದೇ ಮಾತು. ಪೋಸ್ಟಲ್ ಆರ್ಡರ್, ಜೆರಾಕ್ಸ್, ತುಮಕೂರಿನಿಂದ ಬೆಂಗಳೂರಿಗೆ ಬಸ್ಸು, ಊಟ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಮಾತು ಕೇಳಿದ್ದು ಬೇರೆ.

ನಾಲ್ಕನೇ ಸಲ ಮನುಷ್ಯನ ಬಗ್ಗೆ ಕೇಳೋದು ಬಿಟ್ಟು ಕಾಗದ ಕೇಳಿದೆ: ನೇಮಕದ ಆದೇಶ, ಅದರ ಟಿಪ್ಪಣಿ ಹಾಳೆ, ಕಡತ ಪರಿಶೀಲನೆಗೆ ಒಂದು ದಿನ. ಸಾರ್ವಜನಿಕ ಹಿತ ದೊಡ್ಡದಾದರೆ ಅಂಥ ಮಾಹಿತಿಯನ್ನೂ ಕೊಡಬಹುದು ಅನ್ನುವ 8(2) ಕಲಮನ್ನು ಮೇಲ್ಮನವಿಗೆ ಉಳಿಸಿಕೊಳ್ಳದೆ ಅರ್ಜಿಯಲ್ಲೇ ಹಾಕಿದೆ. ಕಡತ ಸಂಖ್ಯೆಯನ್ನೂ ಕೊಟ್ಟಿದ್ದೆ. ಅದು ಎಲ್ಲಿ ಸಿಕ್ಕಿತು ಅಂತ ಬರೆಯಲ್ಲ, ಬರೆದರೆ ಆ ದಾರಿ ಮುಚ್ಚುತ್ತೆ.

ನಡುವೆ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನ ಬೆನ್ನುಬಿದ್ದಿದ್ದೆ. ಶಾಸಕರಾಗಿದ್ದರೆ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಲೇಬೇಕು. ನಾನು ಹುಡುಕುತ್ತಿದ್ದ ಸಲಹೆಗಾರರು ಶಾಸಕರಲ್ಲ, ಎರಡು ತಿಂಗಳು ನೀರಲ್ಲಿ ಹೋಯಿತು. ಸದನದ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಮಾತ್ರ ಸಿಗುವ, ಪ್ರಶ್ನೆಗಳ ಉತ್ತರ ಜಾಲಾಡಿದ್ದು ಮಾತ್ರ ಫಲ ಕೊಟ್ಟಿತು. ಆದೇಶದ ದಿನಾಂಕ ಪುಕ್ಕಟೆ ಸಿಕ್ಕಿತು.

ನಾಲ್ಕನೇ ಅರ್ಜಿಗೆ ಕೊನೆಗೂ ಸಿಕ್ಕಿದ ಕಡತ ಅರವತ್ತು ಚಿಲ್ಲರೆ ಪುಟ, ಪುಟಕ್ಕೆ 2 ರೂಪಾಯಿ. ಸಂಬಳ, ಕಾರು, ಕೊಠಡಿ, ಆಪ್ತ ಸಿಬ್ಬಂದಿ, ಒಂದೊಂದಕ್ಕೂ ಒಂದು ಕಂಡಿಕೆ. ಏಳನೇ ಪುಟದ ಅಂಚಿನಲ್ಲಿ ವಿಷಯ ನಿರ್ವಾಹಕರು (ಕಡತ ನೋಡಿಕೊಳ್ಳುವ ಗುಮಾಸ್ತರು) ಪೆನ್ನಿನಲ್ಲಿ ಬರೆದಿದ್ದಾರೆ: "ಹಿತಾಸಕ್ತಿ ಘೋಷಣೆ ಪಡೆಯಬೇಕೇ?" ಕೆಳಗೆ ಬೇರೆ ಕೈಬರಹ: "ಚರ್ಚಿಸಿದೆ." ಮುಂದಿನ ಕಂಡಿಕೆ ಕಾರಿನದು.

ಆ ಪ್ರಶ್ನೆ ಬರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಏಳನೇ ಪುಟ ಲಗತ್ತಿಸಿ, ಆ ಚರ್ಚೆಯ ದಾಖಲೆ ಕೊಡಿ ಅಂತ ಮೊನ್ನೆ ಸೋಮವಾರ ಐದನೇ ಅರ್ಜಿ ಹಾಕಿದ್ದೇನೆ.