ಮೊದಲ ಡ್ರೈವ್-ಇನ್ ಹುಡುಕಿಕೊಂಡು ಹೋಗಿದ್ದು: ನನ್ನ ಅನುಭವ

ನ್ಯೂಜೆರ್ಸಿಯ ಅಡ್ಮಿರಲ್ ವಿಲ್ಸನ್ ರಸ್ತೆಯಲ್ಲಿ ನಾನು ಎಷ್ಟೋ ವರ್ಷ ಕಾರು ಓಡಿಸಿದ್ದೇನೆ. ಪೇಟೆಂಟ್ ಪಡೆದ ಮೊದಲ ಡ್ರೈವ್-ಇನ್ ಥಿಯೇಟರ್, ಅಂದರೆ ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಥಿಯೇಟರ್, ಇದ್ದದ್ದು ಆ ರಸ್ತೆ ಬದಿಯಲ್ಲೇ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. ಒಂದು ಭಾನುವಾರ ಗಾಡಿ ನಿಲ್ಲಿಸಿ ಸುತ್ತಾಡಿದೆ. ಒಂದು ಗುರುತೂ ಕಣ್ಣಿಗೆ ಬೀಳಲಿಲ್ಲ. ತುಂಬಾ ಬೇಜಾರಾಯ್ತು. ಅವತ್ತೇ ಇದರ ಕಥೆ ಹುಡುಕಬೇಕು ಅಂತ ತೀರ್ಮಾನಿಸಿದೆ.

ಮೊದಲ ತಪ್ಪು ಊರಿನ ಹೆಸರಲ್ಲೇ ಆಯ್ತು. ಎಲ್ಲರೂ 'ಕ್ಯಾಮ್ಡನ್ ಡ್ರೈವ್-ಇನ್' ಅನ್ನುತ್ತಾರೆ. ನಾನೂ ಕ್ಯಾಮ್ಡನ್ ನಗರದ ದಾಖಲೆಗಳನ್ನೇ ವಾರಗಟ್ಟಲೆ ನೋಡಿದೆ. ಜಾಗ ಇದ್ದದ್ದು ಪಕ್ಕದ ಪೆನ್ಸಾಕನ್‌ನಲ್ಲಿ! ಮುಚ್ಚಿದ ಥಿಯೇಟರ್ ಹುಡುಕುವವರು ಮೊದಲು ಊರಿನ ಗಡಿ ನೋಡಿಕೊಳ್ಳಿ.

ನಿಜವಾಗಿ ದಾರಿ ತೋರಿಸಿದ್ದು ಪೇಟೆಂಟ್. ನಂಬರ್ 1909537, 1933ರ ಮೇ 16ರದ್ದು. ಪಡೆದವರು ರಿಚರ್ಡ್ ಹಾಲಿಂಗ್ಸ್‌ಹೆಡ್. ಅವರ ಮನೆಯವರದು ಕಾರಿಗೆ ಬೇಕಾದ ಸಾಮಾನು ಮಾರುವ ವ್ಯಾಪಾರ. ಪೇಟೆಂಟಿನ ಚಿತ್ರಗಳಲ್ಲಿ ಪರದೆಗಿಂತ ಜಾಸ್ತಿ ಎದ್ದು ಕಾಣೋದು ಮಣ್ಣಿನ ಏರು. ಕಾರಿನ ಸಾಲುಗಳು ಬೀಸಣಿಗೆಯ ಹಾಗೆ ಬಾಗಿವೆ. ಪ್ರತಿ ಕಾರಿನ ಮುಂದಿನ ಚಕ್ರ ಸ್ವಲ್ಪ ಮೇಲಿದೆ.

ಆ ಏರು ಯಾಕೆ ಬೇಕು ಅಂತ ಓದಿ ಪೂರ್ತಿ ತಿಳಿಯಲಿಲ್ಲ. ಹಾಲಿಂಗ್ಸ್‌ಹೆಡ್ ರಿವರ್ಟನ್‌ನ ತಮ್ಮ ಮನೆ ಮುಂದೆ ಮಾಡಿದ್ದನ್ನೇ ನಾನೂ ಮಾಡಿ ನೋಡಿದೆ. ಅವರು ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಮರಗಳಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಮಳೆ ಬಂದರೆ ಹೇಗೆ ಅಂತ ನೋಡೋಕೆ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಹಾಕಿದ್ದರು. ನಾನು ಬೆಡ್‌ಶೀಟ್ ಕಟ್ಟಿದೆ. ಮುಂದೆ ಪಕ್ಕದ ಮನೆಯವರ ಕಾರು, ಹಿಂದೆ ನಮ್ಮದು. ಹೆಂಡತಿ ಹಿಂದಿನ ಸೀಟಲ್ಲಿ ಕೂತಳು.

"ರೀ, ಬರೀ ಆ ಕಾರಿನ ಟಾಪ್ ಕಾಣ್ತಿದೆ" ಅಂದಳು.

ಮುಂದಿನ ಚಕ್ರಗಳನ್ನು ದಪ್ಪ ಹಲಗೆ ಮೇಲೆ ಹತ್ತಿಸಿದೆ. ಅರ್ಧ ಬೆಡ್‌ಶೀಟ್ ಕಂಡಿತು. ಇನ್ನೊಂದು ಹಲಗೆ ಸೇರಿಸಿದೆ. ಪೂರ್ತಿ ಕಂಡಿತು! ಡ್ರೈವ್-ಇನ್ ಅಂದರೆ ಪರದೆಗಿಂತ ನೆಲದ ಕೆಲಸ ಅಂತ ನನಗೆ ಅರ್ಥವಾಗಿದ್ದು ಆಗಲೇ.

ಥಿಯೇಟರ್ ಶುರುವಾಗಿದ್ದು 1933ರ ಜೂನ್ 6ರಂದು. ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್. ಸದ್ದು ಮಾತ್ರ ದೊಡ್ಡ ತಲೆನೋವು. ಸ್ಪೀಕರ್‌ಗಳು ಪರದೆಯ ಹತ್ತಿರ ಇದ್ದವು. ನೂರು ಮೀಟರ್ ದೂರದ ಕಾರಿಗೆ ಮಾತು ತಲುಪಲು ಸುಮಾರು 0.3 ಸೆಕೆಂಡ್ ಬೇಕು. ನಮ್ಮೂರ ಕೆರೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಹೀಗೇ ಆಗುತ್ತಿತ್ತು. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು. ಕಾರಿನೊಳಗೆ ಇಟ್ಟುಕೊಳ್ಳುವ ಸ್ಪೀಕರ್ ಬಂದದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಈ ಥಿಯೇಟರ್ ಇರಲಿಲ್ಲ. 1936ಕ್ಕೇ ಮುಚ್ಚಿತ್ತು. ಹೊಸ ಸಿನಿಮಾ ಸಿಗುತ್ತಿರಲಿಲ್ಲ, ಹಳೆಯದಕ್ಕೂ ಬಾಡಿಗೆ ಜಾಸ್ತಿ.

1949ರಲ್ಲಿ ಮೇಲ್ಮನವಿ ಕೋರ್ಟು ಪೇಟೆಂಟನ್ನೇ ರದ್ದು ಮಾಡಿತು. ನಾಟಕಶಾಲೆಗಳಲ್ಲಿ ಹಿಂದಿನವರಿಗೂ ಕಾಣುವ ಹಾಗೆ ಆಸನ ಜೋಡಿಸೋದು ಪ್ರಾಚೀನ ಕಾಲದಿಂದಲೂ ಇದೆ, ಇವರು ಅದನ್ನು ಕಾರಿಗೆ ಹೊಂದಿಸಿದ್ದಾರೆ ಅಷ್ಟೇ ಅಂತ ಹೇಳಿತು. ನಾನು ಇದನ್ನು ಒಪ್ಪೋದಿಲ್ಲ. ಹಲಗೆ ಇಟ್ಟು ಕಾರು ಹತ್ತಿಸಿ ನೋಡಿದವರಿಗೆ ಅದು ಅಷ್ಟು ಸುಲಭದ ಯೋಚನೆ ಅನ್ನಿಸೋದಿಲ್ಲ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ 4000ಕ್ಕೂ ಹೆಚ್ಚು ಡ್ರೈವ್-ಇನ್‌ಗಳಿದ್ದವು.

ಕೊನೆಗೆ ವೈನ್‌ಲ್ಯಾಂಡಿನ ಡೆಲ್ಸಿ ಡ್ರೈವ್-ಇನ್‌ಗೆ ಹೋದೆವು. 1949ರಲ್ಲಿ ಶುರುವಾಗಿ, 1987ರಲ್ಲಿ ಮುಚ್ಚಿ, 2004ರಲ್ಲಿ ಮತ್ತೆ ಬಾಗಿಲು ತೆರೆದ ಜಾಗ ಅದು. ಹೆಂಡತಿ ಬೇಕಂತಲೇ ಹಿಂದಿನ ಸೀಟಲ್ಲಿ ಕೂತಿದ್ದಳು. ನಿಧಾನಕ್ಕೆ ಮುಂದೆ ಹೋದೆ. ಬಾನೆಟ್ ಮೆಲ್ಲಗೆ ಮೇಲೆದ್ದಿತು.

"ಸಾಕು ರೀ, ನಿಲ್ಲಿಸಿ. ಪೂರ್ತಿ ಕಾಣ್ತಿದೆ" ಅಂದಳು.